ಬ್ಯಾರಲ್ ತುಂಬಿದ ದಿನದ ವೈಫೈ

ರೋಣದ ನಮ್ಮ ಮನೆಗೆ ನಲ್ಲಿ ನೀರು ಎಂಟು-ಹತ್ತು ದಿನಕ್ಕೊಮ್ಮೆ ಬರುತ್ತದೆ. ಆ ದಿನ ನಸುಕಿನಲ್ಲೇ ಬಂದಿತ್ತು. ಅವ್ವ ಹಿಂದಿನ ಕೋಣೆಯ ಬ್ಯಾರಲ್‌ಗಳನ್ನೆಲ್ಲ ಕಂಠಮಟ ತುಂಬಿಸಿ ಚಹಾಕ್ಕೆ ಕುಳಿತಿದ್ದಳು. ಪಡಸಾಲೆಯಲ್ಲಿ ನನ್ನ ಹೆಂಡತಿ ಗೋಡೆಯ ಕರಿಹಲಗೆ ಒರೆಸಿ ಲ್ಯಾಪ್‌ಟಾಪ್ ತೆರೆದಳು. ಸಂಜೆ ಆಕೆ ಆನ್‌ಲೈನಿನಲ್ಲಿ ಗಣಿತದ ಮಾದರಿ ಪಾಠ ಮಾಡಬೇಕಿತ್ತು. ಒಪ್ಪಿಗೆಯಾದರೆ ಮನೆಯಿಂದಲೇ ಕಲಿಸುವ ಕೆಲಸ. ಮಗಳು ಹುಟ್ಟಿದಾಗ ಗಜೇಂದ್ರಗಡದ ಶಾಲೆಯ ಕೆಲಸ ಬಿಟ್ಟವಳು ಇಂಥದಕ್ಕೇ ಕಾದಿದ್ದಳು.

“ರೀ, ಮತ್ತ ಹೋತು ನೋಡ್ರಿ.”

ಲ್ಯಾಪ್‌ಟಾಪ್ ವೈಫೈ ಹಿಡಿಯುತ್ತಿತ್ತು, ಬಿಡುತ್ತಿತ್ತು. ರೌಟರ್ ಆರಿಸಿ ಹಚ್ಚಿದೆ. ಪಾಸ್‌ವರ್ಡ್ ಹೊಸದಾಗಿ ಕೊಟ್ಟು ಜೋಡಿಸಿದೆ. ಅದೇ ಆಟ.

“ನಿನ್ನಿ ಇದ ಖುರ್ಚಿ ಮ್ಯಾಲ ಕುಂತು ಮೀಟಿಂಗ್ ಮಾಡೇನಿ, ಚಲೋ ಬಂದಿತ್ತು,” ಎಂದೆ.

“ನಿನ್ನಿ ಇಡೀ ದಿನಾ ನೀ ನರಗುಂದದಾಗ ಇದ್ದೆಲ್ಲೋ,” ಅಂದಳು ಅವ್ವ.

ಹೌದೇ? ಹಾಗಾದರೆ ಅದು ಮೊನ್ನೆಯೋ, ಹೋದ ವಾರವೋ. ಇತ್ತೀಚೆಗೆ ನನ್ನ ನೆನಪನ್ನು ಸಾಕ್ಷಿಯಾಗಿ ಕರೆಯುವುದಕ್ಕೇ ಅಂಜಿಕೆ. ಅದನ್ನು ಬದಿಗಿಟ್ಟು ಲ್ಯಾಪ್‌ಟಾಪ್ ಎತ್ತಿಕೊಂಡು ಮನೆಯೊಳಗೆ ಅಡ್ಡಾಡಿದೆ. ಹಿಂದಿನ ಕೋಣೆಯ ಗೋಡೆಗೂಡಿನಲ್ಲಿ ರೌಟರ್ ಇತ್ತು. ಅದರ ಪಕ್ಕ ನಿಂತರೆ ಸಿಗ್ನಲ್ಲಿನ ಗೆರೆ ಪೂರ್ತಿ. ಬ್ಯಾರಲ್ ಸಾಲು ದಾಟಿ ಈಚೆ ಬಂದರೆ ಒಂದೇ ಗೆರೆ.

ನೀರು ಇಂಥ ತರಂಗಗಳನ್ನು ಹೀರುತ್ತದೆಂದು ಕಾಲೇಜಿನಲ್ಲಿ ಓದಿದ ನೆನಪು. ಅದೂ ಎಷ್ಟು ಖರೆಯೋ! ಆದರೆ ಇದನ್ನು ಪರೀಕ್ಷಿಸಿ ನೋಡಬಹುದಿತ್ತು. ರೌಟರ್ ಸರಿಸೋಣವೆಂದರೆ ತಂತಿ ಗಿಡ್ಡ. ಕೇಬಲ್ಲಿನವನು ಫೋನಿನಲ್ಲಿ “ನಾಳೆ ಬರ್ತೀನ್ರಿ” ಅಂದ. ಪಾಠವನ್ನೇ ಒಳಗೆ ಒಯ್ಯೋಣವೆಂದರೆ ಹಲಗೆ ಪಡಸಾಲೆಯ ಗೋಡೆಗೆ ಮೊಳೆ ಹೊಡೆದು ಕೂಡಿಸಿದ್ದು.

“ಅವ್ವಾ, ನಡುವಿನ ಎರಡು ಬ್ಯಾರಲ್ ಖಾಲಿ ಮಾಡಬೇಕಲ್ಲ.”

“ತಲಿ ನೆಟ್ಟಗೈತಿಲ್ಲೋ? ಈಗರ ತುಂಬಿಸೇನಿ! ನೀರು ಚೆಲ್ಲೋ ಮನಿ ಅಂತ ಓಣ್ಯಾಗ ಹೆಸರಾಗಬೇಕೇನು?”

“ಚೆಲ್ಲೂದು ಬ್ಯಾಡ್ರಿ ಅತ್ತಿ,” ಅಂದಳು ಹೆಂಡತಿ. “ಕೌದಿ ಒಗ್ಯೂಣು.”

ಅವ್ವ ಯೋಚಿಸಿದಳು. ಚಳಿಗಾಲದಲ್ಲಿ ಹೊದ್ದ ಕೌದಿಗಳೆಲ್ಲ ಒಗೆಯದೆ ಹಾಗೇ ಬಿದ್ದಿದ್ದವು.

“ಪಾಠಾ ಹೇಳಾಕಿ ನೀನು. ಕೌದಿ ತುಳಿಯಾಂವ ಯಾರು?”

ಇಬ್ಬರೂ ನನ್ನ ಕಡೆ ತಿರುಗಿದರು.

ಹಿತ್ತಲ ಬಂಡೆಯ ಮೇಲೆ ಸಾಬೂನು ನೊರೆಯಲ್ಲಿ ಕೌದಿ ತುಳಿದೆ. ಬಕೆಟ್ ತುಂಬಲು ಒಳಗೆ ಹೋದಾಗಲೆಲ್ಲ ಪಡಸಾಲೆಗೆ ಹಾದು ಗೆರೆ ನೋಡಿ ಬರುತ್ತಿದ್ದೆ. “ಮದಲ ತುಳಿಯೋ, ಗೆರಿ ಎಲ್ಲಿ ಓಡಿ ಹೋಗತಾವು!” ಅವ್ವನ ಕೂಗು. ಬ್ಯಾರಲ್ಲಿನ ನೀರು ಗೂಡಿಗಿಂತ ಕೆಳಗಿಳಿಯುವ ಹೊತ್ತಿಗೆ ಇನ್ನೊಂದು ಗೆರೆ ಮೂಡಿತು. ತಳ ಕಂಡಾಗ ಮತ್ತೊಂದು. ತೊಯ್ದ ಪಾಯಿಜಾಮದಲ್ಲೇ ನಿಂತು ಎಷ್ಟೋ ಹೊತ್ತು ಅದನ್ನೇ ನೋಡಿದೆ.

ಸಂಜೆ ಹೆಂಡತಿ ರೊಟ್ಟಿ ಮುರಿದು ಭಿನ್ನರಾಶಿ ಕಲಿಸಿದಳು. ಚಿತ್ರ ಒಮ್ಮೆಯೂ ನಿಲ್ಲಲಿಲ್ಲ. ಆ ಕಡೆ ಕುಳಿತು ಪಾಠ ಪರೀಕ್ಷಿಸುತ್ತಿದ್ದ ಹೆಂಗಸು ನಕ್ಕು ಕೇಳಿದಳು: “ಪಾಠ ಚೆನ್ನಾಗಿತ್ತು. ನಿಮ್ಮಲ್ಲಿ ನೆಟ್ ಯಾವಾಗಲೂ ಹೀಗೇ ಇರುತ್ತಾ?”

“ಇರುತ್ತೆ ಮೇಡಂ.” ಹೆಂಡತಿ ಕಣ್ಣು ಪಿಳುಕಿಸಲಿಲ್ಲ.

“ಹಾಗಾದರೆ ಸೋಮವಾರದಿಂದ ಶುರು ಮಾಡಿ.”

ಲ್ಯಾಪ್‌ಟಾಪ್ ಮುಚ್ಚಿದವಳೇ ನನ್ನನ್ನು ಹಿಡಿದಳು. “ಕೇಬಲ್‌ದಾಂವ ನಾಳೆ ಬರಲಿಲ್ಲಂದ್ರ ನೀವ ಹೋಗಿ ಅವನ್ನ ಗಾಡಿ ಮ್ಯಾಲ ಹೇರಿಕೊಂಡು ಬರ್ರಿ. ವಾರಾ ವಾರಾ ಕೌದಿ ಎಲ್ಲಿಂದ ತರೂಣು?”

“ತರತೀನಿ. ಅದಕ್ಕಿಂತ ಮದಲ ಆ ಬ್ಯಾರಲ್ ಒಮ್ಮೆ ತುಂಬಿಸಿ ನೋಡಿದ್ರ, ಖರೇ ನೀರಿಂದನ ಹೌದೋ ಅಲ್ಲೋ...”

“ಸೋಮವಾರ ಆಗಲಿ,” ಅಂದಳು, “ಆಮ್ಯಾಲ ಸಂಶೆ ಪಡ್ರಿ.”