ಯಡ್ತರೆಯಲ್ಲಿ ಉಪ್ಪಿನ ಸಾಕ್ಷಿ

ಬೈಂದೂರಿನ ಹತ್ತಿರ, ಯಡ್ತರೆಯ ಗ್ಯಾರೇಜೊಂದರ ಮುಂದೆ ಜೀಪು ನಿಲ್ಲಿಸಿದೆ. ಡ್ಯಾಶ್‌ಬೋರ್ಡಿನ ಫೋರ್‌ವೀಲ್ ದೀಪ ಬೆಳಗಿನಿಂದ ಮಿನುಗುತ್ತಿತ್ತು, ಮುಂದಿನ ಚಕ್ರಗಳಿಗೆ ಎಳೆತವೇ ಇರಲಿಲ್ಲ. ಹಿಂದೆ ಕುಳಿತ ಅತ್ತೆಗೆ ಮಂಡಿಯ ಆಪರೇಷನ್ ಆಗಿ ಎರಡೇ ತಿಂಗಳು. ಅವರ ಮೊಮ್ಮಗಳ ನಾಮಕರಣದ ಮನೆ ಇರುವುದು ಕೆಸರುಗುಡ್ಡದ ತುದಿಯಲ್ಲಿ. ಜೀಪು ಗುಡ್ಡ ಹತ್ತದಿದ್ದರೆ ಅವರು ಕೆಳಗೇ ಉಳಿಯಬೇಕು.

ಗ್ಯಾರೇಜಿನ ಎಲೆಕ್ಟ್ರಿಷಿಯನ್ ಶೀನಣ್ಣ ಗಂಗೊಳ್ಳಿಯ ದೋಣಿಗಳ ವೈರಿಂಗ್‌ನಲ್ಲಿ ಪಳಗಿದವರು. ಜೀಪಿನ ಕಂಪ್ಯೂಟರೇ ಕೆಟ್ಟಿದೆ ಎಂದು ನಾನು ಮೂರು ಕಾರಣ ಕೊಟ್ಟು ವಾದಿಸಿದೆ. ಅವರು ಬ್ಯಾಟರಿಯ ವೈರು ಕಳಚಿ, ಜೀಪಿನ ಅಡಿಗೆ ನುಸುಳಿ, ಫೋರ್‌ವೀಲ್ ಮೋಟರಿಗೆ ವೈರು ಸೇರಿಸುವ ಕಪ್ಲರ್ ಬಿಚ್ಚಿದರು. ಅದರೊಳಗೆ ಬೆರಳೊತ್ತಿ ನಾಲಿಗೆಗೆ ಮುಟ್ಟಿಸಿದರು!

"ಉಪ್ಪ್. ಸಮುದ್ರಕ್ ಇಳ್ಸಿದ್ರ್ಯಾ?"

ಹೋದ ವಾರ ಮರವಂತೆಯಲ್ಲಿ ಫೋಟೊಗಾಗಿ ಅಲೆಗಳಲ್ಲಿ ಓಡಿಸಿದ್ದು ನಿಜ. ಆದರೂ, "ನಿಮ್ಮ ನಾಲಿಗೆ ಸಾಕ್ಷಿಯಾಗುವುದಿಲ್ಲ" ಎಂದೆ.

"ಹಂಗಾರೆ ನಿಮ್ದೇ ಇಟ್ಟ್ ಕಾಣಿ, ಮಾರ್ರೆ."

ಇಟ್ಟೆ. ಉಪ್ಪುಪ್ಪು. ಅತ್ತೆ ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡರು.

ಶೀನಣ್ಣ ಕಪ್ಲರನ್ನು ಸಿಹಿನೀರಲ್ಲಿ ತೊಳೆದು, ಗಾಳಿ ಹೊಡೆದು ಒಣಗಿಸಿ, ಹಸಿರುಗಟ್ಟಿದ ಪಿನ್ನುಗಳನ್ನು ಉಜ್ಜಿ ಮತ್ತೆ ಜೋಡಿಸಿ, ಬ್ಯಾಟರಿಯ ವೈರನ್ನೂ ಸಿಕ್ಕಿಸಿದರು. ದೀಪ ಆರಿತು. ಒಮ್ಮೆ ಆರಿದ್ದು ಆಕಸ್ಮಿಕವೂ ಇರಬಹುದಲ್ಲ ಎಂದೆ. ಅವರು ಗ್ಯಾರೇಜಿನ ಹಿಂದಿನ ಕೆಸರು ದಿಬ್ಬ ತೋರಿಸಿದರು. ಫೋರ್‌ವೀಲ್ ಗುಂಡಿ ಒತ್ತಿದೆ. ನಾಲ್ಕೂ ಚಕ್ರ ಮಣ್ಣು ಕಚ್ಚಿದವು, ಜೀಪು ಒಂದೇ ಉಸಿರಿಗೆ ದಿಬ್ಬ ಏರಿತು.

ಇನ್ನೊಮ್ಮೆ ಪರೀಕ್ಷಿಸೋಣವೇ ಎಂದು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸೀಟು ಗುಡುಗಿತು:

"ಇನ್ನೊಂದ್ ಪ್ರಶ್ನಿ ಕೇಂಡ್ರೆ ನಿನ್ನ ಇಲ್ಲೇ ಇಳ್ಸಿ, ನಾನೇ ಹೊಡ್ಕಂಡ್ ಹೋತೆ, ಕಾಣ್!"