ಕೆಂಪು ಗುಡ್ಡದ ಚಿತ್ರ

ಮಾನ್ವಿಯ ಹೈಸ್ಕೂಲಿನಲ್ಲಿ ನಾನು ಚಿತ್ರಕಲೆಯ ಮಾಸ್ತರನಾಗಿದ್ದೆ. ನನ್ನ ಹತ್ತಿರ ಇದ್ದ ಹಳೆಯ ಪುಸ್ತಕವೊಂದರಲ್ಲಿ ಕಂಡದ್ದಕ್ಕಿಂತ ಅನಿಸಿದ್ದನ್ನು ಬಿಡಿಸುವ ಅಭಿವ್ಯಕ್ತಿವಾದಿ ಕಲಾವಿದನೊಬ್ಬನ ನಿಸರ್ಗಚಿತ್ರವಿತ್ತು. ಒಂದು ಗುಡ್ಡ, ಅದರ ಕೆಳಗೆ ನಾಲ್ಕು ಮನೆ, ಬಾಗಿದ ಮರಗಳು. ಮುದ್ರಣ ಕಪ್ಪು-ಬಿಳುಪು. ಆದರೂ ಪ್ರತಿವರ್ಷ ಮಕ್ಕಳಿಗೆ ಅದನ್ನು ತೋರಿಸಿ, ಗುಡ್ಡ ಕಡುಹಸಿರು ಎಂದು ಪಾಠ ಮಾಡುತ್ತಿದ್ದೆ. ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳುತ್ತ ಹೇಳುತ್ತ ನಾನೇ ನಂಬಿಬಿಟ್ಟಿದ್ದೆ.

ನಿವೃತ್ತನಾಗಿ ದೇವದುರ್ಗದಲ್ಲಿ ನೆಲೆಸಿದ ಮೇಲೆ, ಪ್ರಸಿದ್ಧ ಚಿತ್ರಗಳ ಪ್ರತಿಕೃತಿ ಮಾರುವವರ ಪಟ್ಟಿಯೊಂದು ಮೊಬೈಲಿಗೆ ಬಂತು. ಮ್ಯೂಸಿಯಂ ದರ್ಜೆ, ಕ್ಯಾನ್ವಾಸಿನ ಮೇಲೆ ಕೈಯಿಂದಲೇ ಬಿಡಿಸಿದ ತೈಲವರ್ಣ. ಹೆಸರುಗಳ ನಡುವೆ ನನ್ನ ಚಿತ್ರದ ಹೆಸರೂ ಇತ್ತು. ಅದರ ಬಣ್ಣವನ್ನು ಮೊಬೈಲಿನಲ್ಲಿ ಹುಡುಕಬಹುದಿತ್ತು. ಗೊತ್ತಿರುವುದನ್ನು ಯಾರು ಹುಡುಕುತ್ತಾರೆ? ತರಿಸಿಕೊಂಡೆ.

ಹೆಂಡತಿಯೂ ನಾನೂ ಮಂಚದ ಮೇಲೆ ಸುರುಳಿ ಬಿಚ್ಚಿದೆವು. ಗುಡ್ಡ ಒಣಮೆಣಸಿನಕಾಯಿಯಷ್ಟು ಕೆಂಪಗಿತ್ತು.

"ಮೋಸ," ಎಂದೆ.

"ಚಂದ ಅದ ಅಲ್ರೀ," ಎಂದಳು ಆಕೆ.

ಭೂತಗನ್ನಡಿ ಹಿಡಿದು ನೋಡಿದೆ. ಕುಂಚದ ಗೆರೆಗಳು ನಿಜವಾಗಿದ್ದವು. ಒದ್ದೆ ಅರಳೆಯಿಂದ ಅಂಚು ಒರೆಸಿದೆ, ಬಣ್ಣ ಬಿಡಲಿಲ್ಲ. ಹಾಗಾದರೆ ಹಸಿರು ಮುಗಿದಿತ್ತೆಂದು ಕೈಗೆ ಸಿಕ್ಕ ಬಣ್ಣ ಬಳಿದಿದ್ದಾರೆ ಎಂದುಕೊಂಡು ಮಾರಿದವರಿಗೆ ಫೋನ್ ಮಾಡಿ ದೂರಿದೆ. ಆ ಕಡೆಯ ಹೆಣ್ಣುಮಗಳು, "ಮೂಲದಲ್ಲೂ ಕೆಂಪೇ ಸರ್," ಎಂದು ಮೂಲಚಿತ್ರದ ಫೋಟೊ ಕಳಿಸಿದಳು. ಅದೂ ಕೆಂಪಗಿತ್ತು. ಫೋಟೊ ತಿದ್ದುವುದು ಎಷ್ಟು ಹೊತ್ತಿನ ಕೆಲಸ?

ಮರುದಿನ ಬಸ್ಸು ಹತ್ತಿ ರಾಯಚೂರಿಗೆ ಹೋದೆ. ಅಲ್ಲಿ ಕಾಲೇಜಿನಲ್ಲಿ ಕಲೆ ಕಲಿಸಿದ ಹಳೆಯ ಗೆಳೆಯರೊಬ್ಬರಿದ್ದರು. ಕಪಾಟಿನಿಂದ ದಪ್ಪನೆಯ ಬಣ್ಣದ ಪುಸ್ತಕ ತೆಗೆದು, ಪುಟ ಹುಡುಕಿ ನನ್ನ ಮುಂದಿಟ್ಟರು. ಕೆಂಪು ಗುಡ್ಡ.

"ಹಸಿರು ಅಂತ ನಿಮಗ ಯಾರ್ ಹೇಳಿದ್ರೀ ಮಾಸ್ತರ?"

ಮುದ್ರಣದಲ್ಲೇ ಬಣ್ಣ ತಪ್ಪಿರಬಹುದೆಂದು ಪುಸ್ತಕ ಮುದ್ರಿಸಿದ ಊರಿನ ಹೆಸರು ಹುಡುಕತೊಡಗಿದೆ. ಅವರು ನನ್ನನ್ನೇ ನೋಡುತ್ತಿದ್ದಾರೆಂದು ತಿಳಿದಾಗ ನಾಚಿಕೆಯಾಯಿತು.

ಮನೆಗೆ ಬಂದು ಮಾನ್ವಿಗೆ ಫೋನ್ ಮಾಡಿದೆ. ನನ್ನ ಜಾಗಕ್ಕೆ ಬಂದಿರುವವಳು ನನ್ನದೇ ಹಳೆಯ ವಿದ್ಯಾರ್ಥಿನಿ. ವಿಷಯ ಹೇಳಿದೆ.

"ಸರ, ನಾನೂ ಹುಡುಗರಿಗೆ ಹಸಿರಂತನ ಹೇಳಾಕತ್ತೀನಿ," ಎಂದಳು. ಆಮೇಲೆ ದನಿ ತಗ್ಗಿಸಿ, "ಈಗ ಹೇಳಿದ್ದಾದ್ರೂ ಖರೇ ಏನ್ರೀ?"

ಖರೇ ಎಂದೆ. ಆಕೆ ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಮಾರಿದ ಹೆಣ್ಣುಮಗಳ ಕ್ಷಮೆ ಕೇಳಿದೆ. ಚಿತ್ರಕ್ಕೆ ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದೆವು. ಬೆಳಿಗ್ಗೆ ಚಹಾ ಹಿಡಿದು ಅದರೆದುರು ನಿಂತಾಗ ಹೆಂಡತಿ ಕೇಳುತ್ತಾಳೆ, "ಇನ್ನೂ ಏನ್ ಹುಡುಕಾಕತ್ತೀರಿ?"

ಏನೂ ಇಲ್ಲ ಎನ್ನುತ್ತೇನೆ. ಅವಳು ಒಳಗೆ ಹೋದ ಮೇಲೆ ಇನ್ನೊಮ್ಮೆ ನೋಡುತ್ತೇನೆ.