ಕೂಳೂರಿನ ದೋಣಿಯ ಮಾತು

ಕೂಳೂರಿಗೆ ಸೇತುವೆ ಬರುವ ಮೊದಲು ಹೊಳೆಯನ್ನು ದೋಣಿಯಲ್ಲೇ ದಾಟಬೇಕಿತ್ತು. ನಮ್ಮ ಮನೆ ಬಡಗು ದಡದಲ್ಲಿ, ನಾನು ಕಲಿಸುತ್ತಿದ್ದ ಹುಡುಗಿಯರ ಶಾಲೆ ಮಂಗಳೂರು ಪೇಟೆಯಲ್ಲಿ. ಬೆಳಗಿನ ದೋಣಿಯಲ್ಲಿ ದಿನಾ ಅವೇ ಮುಖಗಳು. ಯಾರ ಅಂಗಡಿ ಮೇಲೇಳುವುದಿಲ್ಲ, ಯಾರ ಮಗಳಿಗೆ ಯಾಕೆ ಸಂಬಂಧ ಕೂಡಿಬಂದಿಲ್ಲ, ಎಲ್ಲದಕ್ಕೂ ಆಚೆ ದಡ ಮುಟ್ಟುವುದರೊಳಗೆ ತೀರ್ಪು ಸಿಗುತ್ತಿತ್ತು. ತೀರ್ಪು ಕೊಡುವವರಿಗೆ ವಿಷಯ ಗೊತ್ತಿರಬೇಕೆಂಬ ನಿಯಮವೇನೂ ಇರಲಿಲ್ಲ.

ದೋಣಿ ತುದಿಯಲ್ಲಿ ಹಂಚಿನ ಕಾರ್ಖಾನೆಯ ಗುಮಾಸ್ತರೊಬ್ಬರು ನಿಂತೇ ಬರುತ್ತಿದ್ದರು. ಎತ್ತರದ ಆಳು, ಮಾತು ಕಡಿಮೆ. ಆದಿತ್ಯವಾರ ಮೈದಾನದಲ್ಲಿ ಕಾರ್ಖಾನೆಯ ಫುಟ್ಬಾಲ್ ತಂಡಕ್ಕೆ ಗೋಲು ಕಾಯುತ್ತಿದ್ದರು. ಒಂದು ಸೋಮವಾರ ಅವರಿಗಿಂತ ಮೊದಲೇ ಸುದ್ದಿ ದೋಣಿ ಹತ್ತಿತ್ತು: ಸುಲಭದ ಚೆಂಡೊಂದು ಅವರ ಕೈಯಿಂದ ಜಾರಿ ತಂಡ ಸೋತಿತ್ತು. ಅದನ್ನು ತಾನಾದರೆ ಕಣ್ಣು ಮುಚ್ಚಿ ಹಿಡಿಯುತ್ತಿದ್ದೆನೆಂದು ಅಂಬಿಗ ಹೇಳಿದ. ಚೆಂಡನ್ನೇ ಮುಟ್ಟಿರದ ಬಟ್ಟೆ ಅಂಗಡಿಯವರು, ಆಟವೂ ವ್ಯಾಪಾರವೂ ಒಂದೇ, ಕಣ್ಣು ಸರಕಿನ ಮೇಲಿರಬೇಕು ಎಂದು ಉದ್ದಕ್ಕೆ ವಿವರಿಸಿದರು. ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದ, ಮೀನು ಮಾರುವ ಹೆಂಗಸು ಮಾತ್ರ ಸಮಾಧಾನ ಹೇಳಿದರು.

"ಹೋಗಲಿ ಮಾರಾಯ. ಬಂಗುಡೆ ಸಹ ಕೈಯಿಂದ ಜಾರ್ತದೆ. ನಾನೆಂತ ವ್ಯಾಪಾರ ಬಿಟ್ಟಿದ್ದೇನಾ?"

ಗುಮಾಸ್ತರೊಡನೆ ನಾನು ಅದುವರೆಗೆ ಮಾತಾಡಿದವಳಲ್ಲ. ಅಂದು ಮಾತ್ರ ಸುಮ್ಮನಿರಲಾಗಲಿಲ್ಲ. ನಮ್ಮ ಶಾಲೆಯಲ್ಲಿ ಸಣ್ಣ ಮಕ್ಕಳಿಗೆಂದು ದೊಡ್ಡ ಚೆಂಡೊಂದು ಉಂಟು, ಬೇಕಾದರೆ ತಂದುಕೊಡುತ್ತೇನೆ ಎಂದೆ. ದೋಣಿಯೇ ನಕ್ಕಿತು. ಅವರ ಕಿವಿ ಕೆಂಪಾಯಿತು.

"ನಮ್ಮ ಆಟ ನೀವು ನೋಡಿದ್ದೀರಾ?"

"ಇಲ್ಲ."

"ಬರುವ ಆದಿತ್ಯವಾರ ನೋಡಿ. ಮತ್ತೆ ಹೇಳಿ."

ಹೆಂಗಸರು ಆಟ ನೋಡಲು ಹೋಗುವ ಕಾಲ ಅದಲ್ಲ. ಪೇಟೆಯಿಂದ ನೂಲು ತರಲಿಕ್ಕುಂಟೆಂದು ಅಮ್ಮನಿಗೆ ಹೇಳಿ, ಅಕ್ಕನನ್ನು ಜೊತೆಮಾಡಿಕೊಂಡು ಹೊರಟೆ. ಮೈದಾನದ ಅಂಚಿನ ಮರದಡಿ ನಿಂತೆವು. ಆಟದ ತಲೆಬುಡ ನನಗೆ ತಿಳಿಯಲಿಲ್ಲ. ಆದರೆ ದೋಣಿಯಲ್ಲಿ ಕಂಬದಂತೆ ನಿಲ್ಲುವ ಆ ಮನುಷ್ಯ ಹಾರಿ ಬಿದ್ದು, ಮಣ್ಣು ಕೊಡವಿ, ಮತ್ತೆ ಹಾರುವುದನ್ನು ಕಣ್ಣೆವೆಯಿಕ್ಕದೆ ನೋಡಿದೆ. ಆಗ ಅಕ್ಕ ಕೈಯೆತ್ತಿ ಬೀಸಿದರು. ಗುಮಾಸ್ತರು ನಮ್ಮ ಕಡೆ ತಿರುಗಿದರು, ಚೆಂಡು ಅವರ ಪಕ್ಕದಿಂದಲೇ ಒಳಗೆ ಹೋಯಿತು.

ಮರುದಿನ ದೋಣಿಯಲ್ಲಿ ಯಾರೂ ಮಾತಾಡಲಿಲ್ಲ. ನನಗೆ ಅದೇ ಹೆಚ್ಚು ಕಷ್ಟವಾಯಿತು. ನಡುಹೊಳೆಯಲ್ಲಿ ಬಟ್ಟೆ ಅಂಗಡಿಯವರು ಮೆಲ್ಲನೆ, ಈ ಸಲ ಕಣ್ಣು ಸರಕಿನ ಮೇಲೆಯೇ ಇತ್ತು, ಸರಕು ಮಾತ್ರ ಬೇರೆ ಎಂದರು. ಗುಮಾಸ್ತರು ಇಲ್ಲವೆನ್ನಲಿಲ್ಲ, ನನ್ನನ್ನು ನೋಡಿ ನಕ್ಕರು. ನಾನು ನೀರು ನೋಡಿದೆ.

ಅದೇ ವಾರ ಅಕ್ಕ ಯಾರೂ ಕರೆಯದೆ ನಮ್ಮ ಜಗಲಿಗೆ ಬಂದು ಬುಟ್ಟಿ ಇಳಿಸಿದರು.

"ಹುಡುಗ ಒಳ್ಳೆಯವ ಅಮ್ಮ. ನಿಮ್ಮ ಜಾತಿಯವನೇ, ಕೇಳಿ ನೋಡಿದ್ದೇನೆ. ಚೆಂಡು ಹಿಡೀಲಿಕ್ಕೆ ಮಾತ್ರ ಬರುವುದಿಲ್ಲ."

ಯಾವ ಹುಡುಗ, ಎಂತ ಚೆಂಡು ಎಂದು ಅಮ್ಮ ಕೇಳಿದಾಗ ನನ್ನ ನೂಲಿನ ಕಥೆ ಬಯಲಾಯಿತು. ನನಗೆ ಬೇಕಾದಷ್ಟು ಬೈದ ಮೇಲೆ ಅಮ್ಮ ಸೋದರಮಾವನನ್ನು ಹುಡುಗನ ಮನೆಗೆ ಕಳಿಸಿದರು. ಮಳೆ ಹಿಡಿಯುವ ಮೊದಲೇ ಮದುವೆಯಾಗಿ ನಾವು ಪೇಟೆಯ ಅತ್ತಾವರದಲ್ಲಿ ಬಾಡಿಗೆ ಮನೆ ಮಾಡಿದೆವು.

ಕೆಲವು ತಿಂಗಳ ಮೇಲೆ ತವರಿಗೆಂದು ಇಬ್ಬರೂ ಅದೇ ದೋಣಿ ಹತ್ತಿದೆವು. ಮದುವೆಯಾದ ಮೇಲೆ ಗಂಡಸಿನ ಬದುಕು ಇಷ್ಟೇ, ಆಟ ಬಿಡಿಸಿಬಿಟ್ಟಿರಲ್ಲ ಎಂದು ಬಟ್ಟೆ ಅಂಗಡಿಯವರು ನನ್ನನ್ನು ನೋಡಿ ನಿಟ್ಟುಸಿರಿಟ್ಟರು. ಇವರು ಪ್ರತಿ ಆದಿತ್ಯವಾರ ಆಡುತ್ತಾರೆ, ನಾನೂ ಹೋಗಿ ನೋಡುತ್ತೇನೆ ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕ ಅತ್ತಾವರದಲ್ಲಿ ಮೀನಿನ ಕ್ರಯ ವಿಚಾರಿಸಿದರು. ಹೇಳಿದೆ. ಅಲ್ಲಿಯ ಮೀನಿನವಳು ನನಗೆ ಚೆನ್ನಾಗಿ ಟೋಪಿ ಹಾಕುತ್ತಿದ್ದಾಳೆಂದು ತೀರ್ಮಾನವಾಯಿತು, ದೋಣಿ ದಡ ಮುಟ್ಟುವವರೆಗೂ ಎಲ್ಲರಿಗೂ ಅದೇ ಮಾತು.